ನಾಗಪುರದಲ್ಲಿ ಹಿಮಕ್ಕೆ ಕಾದ ಗೋಡೆ

ನಾಗಪುರದಲ್ಲಿ ಹಿಮ ಬಿದ್ದರೆ ಏನು ಗತಿ ಎಂದು ಚಿಂತಿಸಿ ಮನೆ ಕಟ್ಟಿಸಿದ ಮನುಷ್ಯ ಈ ಭೂಮಿಯ ಮೇಲೆ ಒಬ್ಬರೇ ಇದ್ದರು. ಅವರು ನನ್ನ ಭಾವ. ಹಾಗೆಂದು ಅವರಿಗೆ ತಲೆ ಕೆಟ್ಟಿತ್ತೆಂದು ತಿಳಿಯಬೇಡಿ. ತಲೆ ಕೆಟ್ಟಿದ್ದರೆ ಯಾವುದಾದರೂ ವೈದ್ಯರ ಹತ್ತಿರ ಕರೆದುಕೊಂಡು ಹೋಗಿ, ಭೃಂಗಾಮಲಕ ತೈಲ ತಿಕ್ಕಿ ಸುಮ್ಮನಿರಬಹುದಿತ್ತು. ಅವರ ತಲೆ ಸರಿಯಾಗಿತ್ತು. ಪಟ್ಟಿ ಇಟ್ಟು ಗೆರೆ ಎಳೆದಷ್ಟು ಸರಿಯಾಗಿತ್ತು. ನಮಗೆ ಕಷ್ಟವಾದದ್ದೇ ಅದರಿಂದ!

ಭಾವನವರು ಸರಕಾರದ ಕಟ್ಟಡ ಇಲಾಖೆಯಲ್ಲಿ ಡ್ರಾಫ್ಟ್ಸ್‌ಮನ್. ಮೂಲ ಧಾರವಾಡದ ಕಡೆಯವರು. ಅನ್ನದ ಋಣ ಮಾತ್ರ ನಾಗಪುರದ ಸೀಮೆಯಲ್ಲಿತ್ತು. ಆಗಿನ್ನೂ ನಾಗಪುರ ಮಧ್ಯಪ್ರದೇಶದ ರಾಜಧಾನಿ. ನಾನು ಅವರ ಹೆಂಡತಿಯ ತಮ್ಮ. ರೈಲ್ವೆಯಲ್ಲಿ ಗುಮಾಸ್ತಿಕೆ ಸಿಕ್ಕ ನೆಪ ಮಾಡಿಕೊಂಡು ಅವರ ಸರಕಾರಿ ಕ್ವಾರ್ಟರ್ಸಿನ ಮುಂದಿನ ಕೋಣೆಯಲ್ಲಿ ಠಿಕಾಣಿ ಹೂಡಿದ್ದೆ. ಊಟ ಅಕ್ಕನದು, ಉಪದೇಶ ಭಾವನವರದು. ಎರಡೂ ಹೊಟ್ಟೆ ತುಂಬ ಸಿಗುತ್ತಿದ್ದವು.

ಇಲಾಖೆಯ ಕಾಗದದಲ್ಲಿ ಬರೆಯದ ಯಾವ ಕೆಲಸವನ್ನೂ ಭಾವನವರು ಮಾಡಿದವರಲ್ಲ. ಬಾಗಿಲು ಎಷ್ಟು ಅಗಲ, ಇಟ್ಟಿಗೆ ಎಷ್ಟು ಹೊತ್ತು ನೆನೆಯಬೇಕು, ಸುಣ್ಣಕ್ಕೆ ಮರಳೆಷ್ಟು, ಎಲ್ಲವೂ ಬರಹದಲ್ಲಿರಬೇಕು. ಈ ಚಟ ಮನೆಯೊಳಗೂ ಬಂದಿತ್ತು. ಅಕ್ಕ ಉಪ್ಪಿಟ್ಟು ಬಡಿಸಿದರೆ, "ರವಾಕ್ಕ ನೀರೆಷ್ಟು ಹಾಕೀ?" ಎಂದು ಕೇಳುವರು. "ಕೈಅಳತಿ ರೀ" ಎಂದರೆ ಮುಗಿಯಿತು, ತುತ್ತು ಗಂಟಲಲ್ಲೇ ನಿಲ್ಲುತ್ತಿತ್ತು. ಒಮ್ಮೆಯಂತೂ ಅಕ್ಕನ ಕೈಯನ್ನೇ ಪಟ್ಟಿಯಿಂದ ಅಳೆದು ಬರೆದಿಟ್ಟುಕೊಂಡರು. ಆಮೇಲೆಯೇ ಉಪ್ಪಿಟ್ಟು ಇಳಿಯಿತು.

ಇಂಥವರ ಕೈಹಿಡಿದು ಅಕ್ಕ ಹದಿನೆಂಟು ವರ್ಷ ಸಂಸಾರ ಮಾಡಿದ್ದಳು. ಹದಿನೆಂಟು ವರ್ಷಕ್ಕೆ ಒಂಬತ್ತು ಊರು, ಒಂಬತ್ತು ಕ್ವಾರ್ಟರ್ಸು. ರಾಯಪುರದಲ್ಲಿ ಹಚ್ಚಿದ ದಾಸವಾಳ ಮೊಗ್ಗು ಬಿಡುವ ಹೊತ್ತಿಗೆ ಅಕೋಲಾಕ್ಕೆ ವರ್ಗ. ಅಕೋಲಾದಲ್ಲಿ ಉಪ್ಪಿನಕಾಯಿ ಮಾಗುವ ಹೊತ್ತಿಗೆ ಜಬಲಪುರಕ್ಕೆ ವರ್ಗ. ಕೊನೆಕೊನೆಗೆ ಅವಳು ಟ್ರಂಕಿನ ಅಡಿಯಲ್ಲಿದ್ದ ಸಾಮಾನುಗಳನ್ನು ಹೊರಗೆ ತೆಗೆಯುವುದನ್ನೇ ಬಿಟ್ಟಿದ್ದಳು. ಧರಮಪೇಠದಲ್ಲಿ ಸ್ವಂತ ಮನೆ ಏಳತೊಡಗಿದಾಗ ಅವಳು ನನ್ನನ್ನು ಕೂಡಿಸಿಕೊಂಡು ಒಂದು ಮಾತು ಹೇಳಿದಳು: "ನೋಡೋ ತಮ್ಮಾ, ನನಗ ಬಂಗಾರ ಬ್ಯಾಡ, ಪೀತಾಂಬರ ಬ್ಯಾಡ. ಒಮ್ಮೆ ಗಂಟು ಬಿಚ್ಚಿದ ಮ್ಯಾಲ ಮತ್ತ ಕಟ್ಟಬಾರದು, ಅಂಥಾ ಒಂದು ಮನಿ ಬೇಕು. ಅಷ್ಟ ಸಾಕು."

ಇದಕ್ಕೊಂದು ಅವಸರವೂ ಇತ್ತು. ರಾಜ್ಯಗಳನ್ನು ಹೊಸದಾಗಿ ವಿಂಗಡಿಸುತ್ತಾರಂತೆ, ರಾಜಧಾನಿ ಭೋಪಾಳಕ್ಕೆ ಹೋಗುತ್ತದಂತೆ, ಕಚೇರಿಗಳನ್ನೆಲ್ಲ ಮೇಜುಕುರ್ಚಿ ಸಮೇತ ರೈಲಿಗೆ ಹಾಕುತ್ತಾರಂತೆ ಎಂಬ ಸುದ್ದಿ ಊರಲ್ಲೆಲ್ಲ ಇತ್ತು. ಅಷ್ಟರೊಳಗೆ ಹೊಸ ಮನೆಯಲ್ಲಿ ಹಾಲು ಉಕ್ಕಿಸಿಬಿಟ್ಟರೆ ಯಾರು ಬಂದರೂ ತಾನು ಏಳುವವಳಲ್ಲ ಎಂದು ಅಕ್ಕನ ಹಟ. ಅಷ್ಟರೊಳಗೆ ಆಗದಿದ್ದರೆ ಮನೆಗೆ ಬೀಗ ಹಾಕಿ, ಹತ್ತನೆಯ ಸಲ ಟ್ರಂಕು ಏರಿಸಿ, ಗಂಡನ ಹಿಂದೆ ಭೋಪಾಳಕ್ಕೆ ನಡೆಯಬೇಕು.

ಚೈತ್ರದ ಹೊತ್ತಿಗೆ ಗೋಡೆ, ಮಾಳಿಗೆ, ಬಾಗಿಲು, ಕಿಟಕಿ ಎಲ್ಲ ಮುಗಿದಿತ್ತು. ಉಳಿದದ್ದು ಹೊರಗೋಡೆಗೆ ಗಾರೆ ಮೆತ್ತುವ ಗಿಲಾವು ಒಂದೇ. ಯಾವ ಗೌಂಡಿಯಾದರೂ ಎಂಟು ದಿನದಲ್ಲಿ ಮಾಡಿ ಮುಗಿಸುವ ಕೆಲಸ. ಅಕ್ಷಯ ತೃತೀಯೆಗೆ ಗೃಹಪ್ರವೇಶ ಎಂದು ಅಕ್ಕ ಮನಸ್ಸಿನಲ್ಲೇ ಗೊತ್ತು ಮಾಡಿಕೊಂಡಳು.

ಆಗ ಬಂತು ನೋಡಿ, ಆ ಪುಸ್ತಕ!

ಇಂಗ್ಲಿಷರು ಹೋಗುವಾಗ ಯಾರೋ ಸಾಹೇಬ ಕಚೇರಿಯಲ್ಲಿ ಬಿಟ್ಟುಹೋದದ್ದು. ಗೆದ್ದಲು ಕೂಡ ಮೂಸಿ ನೋಡಿ ಬಿಟ್ಟಿತ್ತು. ಹಿಮ ಸುರಿಯುವ ದೇಶಗಳಲ್ಲಿ ಮನೆಯ ಹೊರಗೋಡೆಗೆ ಸಿಮೆಂಟಿನ ಗಿಲಾವು ಹಚ್ಚುವುದು ಹೇಗೆ ಎಂಬುದರ ಮೇಲೆ ಮುನ್ನೂರು ಪುಟ! ಮೊದಲು ಗೋಡೆಗೆ ಡಾಂಬರು ಕಾಗದ ಹೊದಿಸಬೇಕು. ಅದರ ಮೇಲೆ ತಂತಿಯ ಜಾಳಿಗೆ ಬಡಿಯಬೇಕು. ಅದರ ಮೇಲೆ ಒಂದಾದಮೇಲೊಂದು ಮೂರು ಪದರು ಗಿಲಾವು. ಪ್ರತಿ ಪದರಿಗೂ ಹಸಿಗೋಣಿ ಹೊದಿಸಿ, ದಿನಗಟ್ಟಲೆ ನೀರುಣಿಸಿ ಕಾಯಬೇಕು. ಭಾವನವರು ಇದನ್ನು ಓದಿ ಪಾರಾಯಣ ಮುಗಿಸಿದವರಂತೆ ಎದ್ದರು.

"ಅಲ್ಲ ಭಾವಾ, ಅದು ಚಳಿ ದೇಶದ ಪುಸ್ತಕ. ಇಲ್ಲೆ ಕಾಗಿ ಸೈತ ಮಧ್ಯಾಹ್ನ ಹಾರೂದಿಲ್ಲ, ಅಷ್ಟು ಬಿಸಲು!" ಎಂದೆ.

"ಥರ್ಮಾಸ್ ನೋಡೀಯಿಲ್ಲೋ? ಅದರಾಗ ಚಹಾ ಹಾಕಿದ್ರ ಬಿಸಿ ಇರ್ತದ, ಬರ್ಫ ಹಾಕಿದ್ರ ತಣ್ಣಗಿರ್ತದ. ಥರ್ಮಾಸಿಗೆ ತಾ ಯಾವ ದೇಶದಾಗಿದ್ದೇನಿ ಅಂತ ಗೊತ್ತಿರ್ತದೇನು?" ಎಂದರು.

ಅಕ್ಕ, "ಗಿಲಾವು ಆಮ್ಯಾಲ ಮಾಡಸ್ರಿ, ಮೊದಲ ಒಳಗ ಹೋಗೂಣು" ಎಂದಳು. ಭಾವನವರಿಗೆ ಆಘಾತವಾಯಿತು. "ಮೈಮ್ಯಾಲ ಚರ್ಮ ಇಲ್ಲದ ಮನಿಯೊಳಗ ಹೆಂಗ ಹೋಗ್ತೀ? ಅದಕ್ಕ ನೋವಾಗೂದಿಲ್ಲೇನು?" ಎಂದು ಕೇಳಿದರು. ಹದಿನೆಂಟು ವರ್ಷದಲ್ಲಿ ಹೆಂಡತಿಗೆ ನೋವಾದೀತೇ ಎಂದು ಕೇಳಿದ ಮನುಷ್ಯನಲ್ಲ!

ಜಾಳಿಗೆ ತರಲು ಇತವಾರಿ ಪೇಟೆಗೆ ನಾನೂ ಜೊತೆಗೆ ಹೋದೆ. ಇಡೀ ಮನೆಯನ್ನು ಸುತ್ತುವಷ್ಟು ಕೋಳಿಗೂಡಿನ ಜಾಳಿಗೆ ಬೇಕೆಂದಾಗ ಅಂಗಡಿಯ ಸೇಠಜಿ ಗೌರವದಿಂದ ಎದ್ದು ನಿಂತು, "ಕಿತನೀ ಮುರ್ಗಿಯಾಂ ಹೈ ಸಾಬ್?" ಎಂದು ಕೇಳಿದ. ಭಾವನವರು, "ಏಕ್ ಭೀ ನಹೀ" ಎಂದರು. ಒಂದೂ ಕೋಳಿಯಿಲ್ಲದೆ ಇಷ್ಟು ಜಾಳಿಗೆ ಒಯ್ಯುವವನನ್ನು ಆತ ಹಿಂದೆ ಕಂಡಿರಲಿಲ್ಲ. ಎರಡು ಕೈಗಾಡಿಗಳ ಮೇಲೆ ಜಾಳಿಗೆಯ ಸುರುಳಿಗಳು ನಮ್ಮ ಕ್ವಾರ್ಟರ್ಸಿನ ಮುಂದೆ ಹಾಯ್ದು ಹೋದವು. ಪಕ್ಕದ ಮನೆಯ, ನಮ್ಮ ಧಾರವಾಡದ ಕಡೆಯ ಮಡಿವಂತ ಮುತ್ತೈದೆ ಅಜ್ಜಿ ಕಿಟಕಿಯಿಂದ ನೋಡಿದರು. ಸಂಜೆ ಅಕ್ಕ ಹೂರಣದ ಹೋಳಿಗೆ ಕೊಡಲು ಹೋದರೆ ಅಜ್ಜಿ ಬಾಗಿಲಲ್ಲೇ ತಡೆದರು.

"ಕೋಳಿ ಸಾಕ್ತೀರಂತಲ್ಲವಾ. ಹೊಟ್ಟಿಪಾಡು, ಬಿಡು. ಆದರ ಹೋಳಿಗಿ ಬ್ಯಾಡ."

"ಇಲ್ರೀ ಅಜ್ಜಿ, ಅದು ಗ್ವಾಡಿಗೆ!"

"ಗ್ವಾಡಿ ಮ್ಯಾಲ ಸಾಕ್ತೀರೇನು?" ಎಂದು ಅಜ್ಜಿ ಇನ್ನೂ ಗಾಬರಿಯಾದರು. ಅಂದಿನ ಹೋಳಿಗೆಯನ್ನೆಲ್ಲ ನಾನೇ ತಿಂದೆ. ಆದ್ದರಿಂದ ಆ ಜಾಳಿಗೆಯ ಬಗ್ಗೆ ನನಗೇನೂ ದೂರಿಲ್ಲ.

ಡಾಂಬರು ಕಾಗದ ಹೊದಿಸಿದ ಮೇಲೆ ಮನೆ ಮೇಲಿನಿಂದ ಕೆಳಗಿನವರೆಗೆ ಕಪ್ಪಗಾಯಿತು. ಸೈಕಲ್ಲಿನ ಮೇಲೆ ಹೋಗುತ್ತಿದ್ದವನೊಬ್ಬ ಖಾಲಿ ಚೀಲ ಹಿಡಿದು ಇಳಿದು, "ಕೋಲ್ಸಾ ಮಿಲೇಗಾ?" ಎಂದು ಕೇಳಿದ. ತನ್ನ ಕನಸಿನ ಮನೆಯನ್ನು ಇದ್ದಿಲಿನ ಡಿಪೋ ಎಂದು ತಿಳಿದವನನ್ನು ಅಕ್ಕ ದುರುಗುಟ್ಟಿ ನೋಡಿದಳು. ಆಮೇಲೆ ಆ ನೋಟ ಮೆಲ್ಲಗೆ ಗಂಡನ ಕಡೆಗೆ ತಿರುಗಿತು.

ಮುಂದೆ ಥರ್ಮಾಮೀಟರಿನ ಪ್ರಕರಣ. ಪಾದರಸ ನಲವತ್ತು ಡಿಗ್ರಿಗಿಂತ ಕೆಳಗಿದ್ದಾಗ ಗಿಲಾವು ಮಾಡಕೂಡದು, ಗೋಡೆಯೊಳಗಿನ ನೀರು ಹೆಪ್ಪುಗಟ್ಟೀತು ಎಂದು ಪುಸ್ತಕದಲ್ಲಿತ್ತು. ಫ್ಯಾರನ್‌ಹೈಟ್ ಲೆಕ್ಕ; ಅದರಲ್ಲಿ ನೀರು ಹೆಪ್ಪುಗಟ್ಟುವುದೇ ಮೂವತ್ತೆರಡಕ್ಕೆ. ನಾಗಪುರದ ವೈಶಾಖದಲ್ಲಿ ನಲವತ್ತು ಡಿಗ್ರಿ ಫ್ಯಾರನ್‌ಹೈಟ್! ಹೆಪ್ಪುಗಟ್ಟುವುದು ಹಾಗಿರಲಿ, ಬಕೆಟ್ಟಿನಲ್ಲಿ ಬಿಟ್ಟ ನೀರಿನಲ್ಲಿ ಅಕ್ಕಿ ಬೇಯಿಸಬಹುದಿತ್ತು. ಆದರೂ ಬರೆದದ್ದು ಬರೆದದ್ದೇ. "ಒಂದು ಥರ್ಮಾಮೀಟರ್ ತಗೊಂಡು ಬಾ" ಎಂದು ನನ್ನನ್ನು ಅಟ್ಟಿದರು. ಯಾವುದು ಎಂದು ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ. ಧರಮಪೇಠದ ಔಷಧದ ಅಂಗಡಿಯಿಂದ ತಂದು, ಗೋಡೆಗೆ ದಾರ ಕಟ್ಟಿ ತೂಗುಹಾಕಿದೆ. ಅದು ಜ್ವರ ನೋಡುವ ಥರ್ಮಾಮೀಟರು. ನೂರಾ ಹತ್ತರವರೆಗೆ ಮಾತ್ರ ಗೆರೆ. ಮಧ್ಯಾಹ್ನ ಹನ್ನೆರಡಕ್ಕೆ ಟಪ್ಪೆಂದು ಸಿಡಿಯಿತು.

ಅಕ್ಕ ಬಂದು ಗಾಜಿನ ಚೂರುಗಳನ್ನು ನೋಡಿದಳು. "ಗ್ವಾಡಿಗೆ ಜ್ವರ ಬಂದದ, ಸನ್ನಿ ಮಾತ್ರ ನಿಮ್ಮ ಭಾವಗ ಹಿಡದದ" ಎಂದು ಒಳಗೆ ಹೋದಳು.

ಮರುದಿನ ಭಾವನವರು ತಾವೇ ಹೋಗಿ ಸರಿಯಾದದ್ದನ್ನು ತಂದರು. ದಿನಾ ಬೆಳಿಗ್ಗೆ ಅದರ ಮುಂದೆ ನಿಂತು, ಮೂಗಿನ ಮೇಲೆ ಕನ್ನಡಕ ಸರಿಪಡಿಸಿಕೊಂಡು, "ಎಂಬತ್ತೆಂಟು! ನಲವತ್ತಕ್ಕಿಂತ ಮ್ಯಾಲದ. ಕಾಮ್ ಚಾಲೂ ಕರಾ!" ಎಂದು ಗೌಂಡಿಗೆ ಅಪ್ಪಣೆ ಕೊಡುವರು. ಆ ಗೌಂಡಿ ಭಂಡಾರಾ ಕಡೆಯ ಹಿರಿಯ ಮನುಷ್ಯ. ಮೂರು ದಿನ ಇದನ್ನು ನೋಡಿ, ನಾಲ್ಕನೆಯ ದಿನ ನನ್ನನ್ನು ಪಕ್ಕಕ್ಕೆ ಕರೆದು, "ಭಾವೂ, ಸಾಹೇಬಾನಾ ಬರ್ಫ ಕುಠಂ ದಿಸತೋ?" ಎಂದು ಮೆಲ್ಲಗೆ ಕೇಳಿದ. ಸಾಹೇಬರಿಗೆ ಹಿಮ ಎಲ್ಲಿ ಕಾಣಿಸುತ್ತದೆ ಎಂಬುದು ನನಗೂ ಗೊತ್ತಿರಲಿಲ್ಲ. ಈ ಮಧ್ಯೆ ಅಕ್ಷಯ ತೃತೀಯೆ ಬಂದು ಹೋಯಿತು. ಅಕ್ಕ ಕ್ವಾರ್ಟರ್ಸಿನಲ್ಲೇ ಪೂಜೆ ಮಾಡಿ, ಟ್ರಂಕಿನ ಮೇಲೆ ಕುಳಿತು ಮಾವಿನ ಶೀಕರಣೆ ಉಂಡಳು.

ಆ ಗೌಂಡಿಯೇ ಮುಂದಿನ ವಾರ ಮುಷ್ಕರ ಹೂಡಿದ. ಮೊದಲನೆಯ ಪದರನ್ನು ಅವನು ಕನ್ನಡಿಯಂತೆ ನುಣ್ಣಗೆ ಎಳೆದು, ಹಿಂದೆ ಸರಿದು, ಮೀಸೆ ತಿರುವಿ ನಿಂತಿದ್ದ. ಭಾವನವರು ಪುಸ್ತಕ ತೆರೆದು, "ಈಗ ಇದನ್ನ ಪೂರಾ ಗೀರು" ಎಂದರು. ಹಸಿ ಇರುವಾಗಲೇ ಗೀರಿದರೆ ಎರಡನೆಯ ಪದರು ಹಿಡಿದುಕೊಳ್ಳುತ್ತದಂತೆ. ಅವನಿಗೆ ಅರ್ಥವಾಗಲಿಲ್ಲವೆಂದು ಅಕ್ಕನ ಕಟ್ಟಿಗೆಯ ಹಣಿಗೆ ತಂದು ತಾವೇ ಗೋಡೆಯ ತಲೆ ಬಾಚಿ ತೋರಿಸಿದರು. ಗೌಂಡಿಯ ಮುಖ ಕೆಂಪಾಯಿತು. ಮೂವತ್ತು ವರ್ಷ ನುಣ್ಣಗೆ ಮಾಡುವುದನ್ನು ಕಲಿತಿದ್ದೇನೆ, ಗೀರುವುದಕ್ಕೆ ಬೆಕ್ಕನ್ನು ಕರೆಸಿ ಎಂದು ಕರಣೆ ಬಿಸಾಕಿ ನಡೆದೇಬಿಟ್ಟ.

ಅವನನ್ನು ವಾಪಸು ಕರೆತಂದವಳು ಅಕ್ಕ. ಮರದ ಕೆಳಗೆ ಕೂಡಿಸಿ, ಭಾಕ್ರಿ ಝುಣಕ ಬಡಿಸಿ, ತನ್ನ ಧಾರವಾಡದ ಮರಾಠಿಯಲ್ಲಿ ಹೇಳಿದಳು: ಅಣ್ಣಾ, ನೀನು ಆ ಗೋಡೆ ಗೀರಿಬಿಡು, ಇಲ್ಲದಿದ್ದರೆ ನಾನು ಇವರ ಮುಖ ಗೀರಬೇಕಾಗುತ್ತದೆ. ಗೌಂಡಿ ಭಾವನವರ ಮುಖ ನೋಡಿದ, ಅಕ್ಕನ ಉಗುರು ನೋಡಿದ, ಎದ್ದು ಹೋಗಿ ಗೀರಿದ.

ಆಮೇಲೆ ಗೋಣಿಚೀಲಗಳು. ಹಿಮ ದೇಶದಲ್ಲಿ ಅವು ಹಸಿ ಗೋಡೆಗೆ ಕಂಬಳಿಯಂತೆ. ನಮ್ಮಲ್ಲಿ ಅವನ್ನು ನೆನೆಸಿ ತೂಗುಬಿಟ್ಟದ್ದೇ ತಡ, ಮನೆ ಲಾವಂಚದ ತಟ್ಟಿ ಕಟ್ಟಿದಂತೆ ತಂಪಾಯಿತು! ನಳದ ನೀರು ಬೆಳಿಗ್ಗೆ ಒಂದು ತಾಸು. ಉಳಿದ ಹೊತ್ತು ಪಕ್ಕದ ಬಾವಿಯಿಂದ ನಾನೇ ಸೇದುತ್ತಿದ್ದೆ. ಸುದ್ದಿ ಹಬ್ಬಿತು. ಮೊದಲು ಎದುರುಮನೆಯ ಮಾಸ್ತರರು ಚಾಪೆ ತಂದರು. ಆಮೇಲೆ ಅವರ ಹೆಂಡತಿ ಅಕ್ಕಿ ಆರಿಸಲು ಮೊರ ತಂದರು. ಆಮೇಲೆ ಎರಡು ಇಸ್ಪೀಟು ಮಂಡಳಿಗಳು, ಒಂದು ಭಜನಾ ಮಂಡಳಿ. ಎಲ್ಲರೂ ನಮ್ಮ ಗೋಡೆಗೆ ಬೆನ್ನು ಹಚ್ಚಿ ಮಾವಿನಕಾಯಿಯ ಪನ್ಹಾ ಕುಡಿಯುತ್ತ, "ವಾ! ಪಚಮಡೀ!" ಎಂದು ತಂಪಿನ ಗಿರಿಧಾಮದ ಹೆಸರು ಹೇಳುತ್ತಿದ್ದರು. ಭಾವನವರು ಅವರನ್ನು ಓಡಿಸಲಿಲ್ಲ. ಬೆನ್ನಿನ ಕಾವು ಒಂದೇ ಕಡೆ ತಾಗಬಾರದೆಂದು ತಾಸಿಗೊಮ್ಮೆ ಎಲ್ಲರನ್ನೂ ಎಬ್ಬಿಸಿ ಜಾಗ ಬದಲಿಸಿ ಕೂಡಿಸುತ್ತಿದ್ದರು.

"ಊರಾಗಿನ ಮಂದಿ ಎಲ್ಲಾ ನನ್ನ ಮನ್ಯಾಗ ಬಂದು ಕೂತದ, ನಾ ಒಬ್ಬಾಕಿ ಹೊರಗ" ಎಂದಳು ಅಕ್ಕ.

ಎರಡನೆಯ ಪದರು ಮುಗಿಯುವಷ್ಟರಲ್ಲಿ ಮಳೆ ಬಂತು. ಮಳೆಗಾಲದಲ್ಲಿ ಮೂರನೆಯ ಪದರು ಹಚ್ಚಕೂಡದೆಂದು ಪುಸ್ತಕ. ಕರಗಿದ ಹಿಮದ ನೀರು ಇಳಿದುಹೋಗಲೆಂದು ಗೋಡೆಯ ಬುಡದಲ್ಲಿ ನಾಲ್ಕು ಬೆರಳು ಸಂದು ಬಿಡಬೇಕೆಂದೂ ಪುಸ್ತಕ. ಹಿಮ ಬರಲಿಲ್ಲ, ಕಪ್ಪೆಗಳು ಬಂದವು. ಆಷಾಢ, ಶ್ರಾವಣ ಎರಡೂ ತಿಂಗಳು ಸಂದಿನಲ್ಲಿ ಸಂಸಾರ ಹೂಡಿ ವಟಗುಟ್ಟಿದವು. ನಮ್ಮ ಮನೆಯ ಮೊದಲ ಗೃಹಪ್ರವೇಶ ಅವುಗಳದ್ದೇ. ಅವುಗಳಿಗೆ ಮುಹೂರ್ತವೂ ಬೇಕಾಗಿರಲಿಲ್ಲ, ಪುಸ್ತಕವೂ ಬೇಕಾಗಿರಲಿಲ್ಲ.

ಅಷ್ಟರಲ್ಲಿ ಭೋಪಾಳದ ಸುದ್ದಿ ನಿಜವಾಯಿತು; ನಾಗಪುರ ಮುಂಬಯಿ ರಾಜ್ಯದ ಪಾಲಾಗುವುದೆಂದಾಯಿತು. ಕಚೇರಿಯಲ್ಲಿ ಎಲ್ಲರಿಗೂ ಒಂದೊಂದು ಫಾರಮ್ಮು ಹಂಚಿದರು. ಭೋಪಾಳಕ್ಕೆ ಹೋಗುವಿರೋ, ಇಲ್ಲೇ ಮುಂಬಯಿ ಸರಕಾರದ ಕೆಳಗೆ ಉಳಿಯುವಿರೋ ಬರೆದುಕೊಡಿ ಎಂದು. ಭಾವನವರ ಪಾಲಿಗೆ ಬರೆಯುವುದೇನಿತ್ತು? ಭೋಪಾಳದಲ್ಲಿ ಹೆಡ್ ಡ್ರಾಫ್ಟ್ಸ್‌ಮನ್ ಜಾಗ ಅವರಿಗಾಗಿಯೇ ಕಾದಿತ್ತು. ಆ ಕುರ್ಚಿಗಾಗಿ ಅವರು ತಮ್ಮನ್ನು ದಾಟಿ ಮುಂದೆ ಹೋದವರನ್ನೆಲ್ಲ ಸಹಿಸಿಕೊಂಡು ಇಪ್ಪತ್ತು ವರ್ಷ ಬಗ್ಗಿ ಗೆರೆ ಎಳೆದಿದ್ದರು. ಇಲ್ಲಿ ಉಳಿದರೆ ಹೊಸ ಪಟ್ಟಿಯ ತುದಿಯಲ್ಲಿ ಹೆಸರು. ತಾವೇ ಪೆನ್ಸಿಲ್ ಹಿಡಿಯಲು ಕಲಿಸಿದ ಹುಡುಗರ ಕೈಕೆಳಗೆ ಕೆಲಸ. ಇಷ್ಟು ಅಕ್ಕನಿಗೂ ಗೊತ್ತಿತ್ತು. ಅವಳು ಭಾವನವರನ್ನು ಒಂದು ಮಾತೂ ಕೇಳಲಿಲ್ಲ. ದಸರೆಯ ಬನ್ನಿ ಕೊಟ್ಟ ಮರುದಿನದಿಂದ ಸುಮ್ಮನೆ ಟ್ರಂಕು ತುಂಬತೊಡಗಿದಳು.

ಅದೇ ವಾರ ಭಾವನವರು ಏನು ಮಾಡುತ್ತಿದ್ದರು ಗೊತ್ತೇ? ಗೌಂಡಿಯನ್ನು ನಿಲ್ಲಿಸಿಕೊಂಡು ಮೂರನೆಯ ಪದರು ಹಚ್ಚಿಸುತ್ತಿದ್ದರು! ನನಗೆ ತಡೆಯಲಾಗಲಿಲ್ಲ. ಹಿರಿಯರೆನ್ನುವುದನ್ನೂ ಮರೆತು ಕೂಗಾಡಿದೆ.

"ಎಂಟು ದಿನದ ಕೆಲಸಕ್ಕ ಏಳು ತಿಂಗಳು ಹಚ್ಚಿದ್ರಿ ಭಾವಾ! ಅಕಿ ಒಂದ ಒಂದು ಕೇಳಿದ್ಲು ನಿಮ್ಮನ್ನ. ಈಗ ಯಾರ ಸಲುವಾಗಿ ಹಚ್ಚಸ್ತೀರಿ ಇದನ್ನ? ಕಪ್ಪಿಗಳ ಸಲುವಾಗಿ?"

ಅವರು ಪುಸ್ತಕದಲ್ಲಿ ಬೆರಳಿಟ್ಟುಕೊಂಡು ನನ್ನನ್ನು ನೋಡಿದರು. "ಗೋಣಿ ಒಣಗ್ಯಾವ, ನೀರು ಹಾಕು" ಎಂದಷ್ಟೇ ಅಂದರು. ನಾನು ಹಾಕಲಿಲ್ಲ. ಕೊಡ ಅಲ್ಲೇ ಕುಕ್ಕಿ ಬಂದೆ.

ಕ್ವಾರ್ಟರ್ಸು ಬಿಡುವ ದಿನ ಬಂತು. ಬೆಳಿಗ್ಗೆಯೇ ಭಾವನವರು ಟಾಂಗಾ ತಂದರು. ಟ್ರಂಕುಗಳು, ಹಾಸಿಗೆಯ ಸುರುಳಿ, ಒಲೆ, ಒಳಕಲ್ಲು ಎಲ್ಲ ಏರಿದವು. ಮಡಿವಂತ ಅಜ್ಜಿ ಬಂದು ಅಕ್ಕನಿಗೆ ಕುಂಕುಮ ಹಚ್ಚಿ ಉಡಿ ತುಂಬಿದರು. ಕೋಳಿಯ ವಿಷಯ ಎತ್ತಲಿಲ್ಲ. ನಾನು ಟಾಂಗಾವಾಲಾನ ಪಕ್ಕದಲ್ಲಿ ಮುಖ ಗಂಟಿಕ್ಕಿ ಕುಳಿತೆ. ಅಕ್ಕ ಹಿಂದೆ ತಿರುಗಿ ನೋಡದೆ ಹತ್ತಿದಳು. ಅವಳಿಗೆ ರೂಢಿಯಾಗಿತ್ತು.

ಟಾಂಗಾ ಸ್ಟೇಷನ್ನಿನ ದಾರಿ ಬಿಟ್ಟು ಬಲಕ್ಕೆ ತಿರುಗಿತು.

"ಟೇಶನ್ ಆ ಕಡೆ ಅದಲ್ರೀ?" ಎಂದಳು ಅಕ್ಕ.

ಭಾವನವರು ಕುದುರೆಯ ಬೆನ್ನನ್ನೇ ನೋಡುತ್ತ ಹೇಳಿದರು: "ಪುಸ್ತಕದಾಗ ಬರದದ. ಮೂರನೇ ಪದರು ಹಸಿ ಇರೂತನಕಾ ಮನಿ ಯಜಮಾನ ಊರು ಬಿಡಬಾರದು ಅಂತ."

ಅಕ್ಕ ಸರ್ರನೆ ಗಂಡನ ಕಡೆ ತಿರುಗಿದಳು.

"ಮತ್ತ ಭೋಪಾಳ? ಹೆಡ್ ಕೆಲಸ?"

"ಅದು ಇನ್ನೊಬ್ಬಗ ಹೋತು. ನಾ ಇಲ್ಲೇ ಇರ್ತೀನಂತ ಫಾರಮ್ ಬರದು ಕೊಟ್ಟೇನಿ."

"ಇಪ್ಪತ್ತು ವರ್ಷ ಕಾದೀರಲ್ರೀ ಅದಕ್ಕ!"

"ನೀನೂ ಹದಿನೆಂಟು ವರ್ಷ ಕಾದೀ" ಎಂದರು ಭಾವನವರು. ಆಮೇಲೆ ಟಾಂಗಾವಾಲಾನಿಗೆ, "ಜರಾ ಜಲ್ದೀ ಚಲೋ, ಗೋಣಿ ಸೂಖ್ ಜಾಯೇಂಗೇ" ಎಂದು ಗೋಣಿ ಒಣಗುವ ಚಿಂತೆಯಲ್ಲಿ ಅವಸರ ಮಾಡಿದರು.

ಅಕ್ಕ ಸೆರಗು ಬಾಯಿಗೊತ್ತಿಕೊಂಡು ಅತ್ತಳು. ಧರಮಪೇಠ ಬರುವವರೆಗೂ ಅತ್ತಳು. ಭಾವನವರು ಹೇಗೆ ಸಮಾಧಾನ ಮಾಡಬೇಕೆಂದು ತಿಳಿಯದೆ ಹಾಸಿಗೆಯ ಸುರುಳಿಯ ಹಗ್ಗವನ್ನು ಬಿಗಿದರು, ಸಡಿಲಿಸಿದರು, ಮತ್ತೆ ಬಿಗಿದರು. ಕಚೇರಿಯವರಿಂದ ನನಗೆ ಆಮೇಲೆ ತಿಳಿಯಿತು: ಆ ಫಾರಮ್ಮನ್ನು ಅವರು ಕೊಟ್ಟದ್ದು ನಾನು ಕೂಗಾಡಿದ ದಿನಕ್ಕೆ ಎರಡು ದಿನ ಮೊದಲು. ನನ್ನ ಬೈಗುಳವನ್ನೆಲ್ಲ ಅವರು ಸುಮ್ಮನೆ ನಿಂತು ಕೇಳಿದ್ದರು. ಅದನ್ನು ನೆನೆದರೆ ಇಂದಿಗೂ ನನಗೆ ನಾಚಿಕೆಯಾಗುತ್ತದೆ.

ಮುಹೂರ್ತ ಇರಲಿಲ್ಲ, ತೋರಣ ಇರಲಿಲ್ಲ, ಮೈತುಂಬ ಗೋಣಿ ಹೊದ್ದ ಮನೆ. ಅಕ್ಕ ಬಲಗಾಲಿಟ್ಟು ಒಳಗೆ ಹೋದಳು. ಒಲೆ ಇಳಿಸುವ ಮೊದಲೇ ಟ್ರಂಕು ಬಿಚ್ಚಿ, ಅಡಿಯ ತಳದವರೆಗಿನ ಸಾಮಾನೆಲ್ಲ ನೆಲದ ಮೇಲೆ ಹರವಿಕೊಂಡು ಕುಳಿತಳು. ಭಾವನವರು ಕೋಟು ಕಳಚಿ, ಧೋತರ ಎತ್ತಿಕಟ್ಟಿ, ಬಾವಿಗೆ ಹೋದರು.

ಪುಸ್ತಕ ಕಿಟಕಿಯಲ್ಲಿತ್ತು. ಯಜಮಾನ ಊರು ಬಿಡಬಾರದೆಂಬ ಆ ಮಾತು ಯಾವ ಪುಟದಲ್ಲಿದೆ ನೋಡೋಣವೆಂದು ತೆರೆದೆ. ಅಲ್ಲೇ ನಿಂತು ಮೊದಲಿಂದ ಕೊನೆಯವರೆಗೆ ತಿರುವಿದೆ. ಮರಳಿತ್ತು, ಜಾಳಿಗೆಯಿತ್ತು, ಹಿಮವಿತ್ತು, ಗೋಣಿಯಿತ್ತು. ಆ ಮಾತು ಎಲ್ಲಿಯೂ ಇರಲಿಲ್ಲ. ಬರಹದಲ್ಲಿಲ್ಲದ ಒಂದು ಅಕ್ಷರವನ್ನೂ ಎಂದೂ ಆಡದ ಮನುಷ್ಯ ಅಂದು ತಾವೇ ಒಂದು ವಾಕ್ಯ ಕಟ್ಟಿ ಹೇಳಿದ್ದರು. ನನ್ನ ಕಣ್ಣು ತುಂಬಿತು. ಪುಸ್ತಕ ಮುಚ್ಚಿಟ್ಟು, ಇನ್ನೊಂದು ಕೊಡ ತೆಗೆದುಕೊಂಡು ಬಾವಿಯ ಕಡೆ ನಡೆದೆ.